ಕೊನೇ ಸ್ಟೇಷನ್‌ನಲ್ಲಿ ಮೆಟ್ರೋ ಎಲ್ಲಿ ತಿರುಗುತ್ತದೆ?

ಪ್ರಶ್ನೆ: ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟಕ್ಕೆ ಹೋದ ಮೆಟ್ರೋ ವಾಪಸ್ ಬರುವಾಗ ಎಲ್ಲಿ ತಿರುಗುತ್ತದೆ? ಡಿಪೋ ಒಳಗೆ ಹೋಗಿ ಯು-ಟರ್ನ್ ತಗೊಂಡು ಬರುತ್ತೆ ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳ್ತಾರೆ. ನಿಜಾನಾ?

ಉತ್ತರ: ಅಲ್ಲ. ಅದು ತಿರುಗುವುದೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಒಂದು ಸಲ ಚಲ್ಲಘಟ್ಟದ ಹೆಸರಲ್ಲಿ ಬರುತ್ತದೆ, ಇನ್ನೊಂದು ಸಲ ಮಾದಾವರದ ಹೆಸರಲ್ಲಿ. ಹಳದಿ ಮಾರ್ಗ ಶುರುವಾದ ಮೇಲೆ ಬೊಮ್ಮಸಂದ್ರವೂ ಸೇರಿಕೊಂಡಿದೆ. ಸ್ಟೇಷನ್ ಬದಲಾಗುತ್ತದೆ, ಯು-ಟರ್ನ್ ಮಾತ್ರ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳಿಬಿಡುತ್ತೇನೆ. ಆಫೀಸಿನವರಿಗೂ ಓದಿಸಿ.

ಮೊದಲು ಹಳಿಯ ವಿಷಯ. ನೇರಳೆ ಮಾರ್ಗ 43 ಕಿಲೋಮೀಟರ್‌ಗಿಂತ ತುಸು ಜಾಸ್ತಿ ಉದ್ದ, 37 ಸ್ಟೇಷನ್. ಇಷ್ಟು ಉದ್ದಕ್ಕೂ ಮುಖ್ಯವಾಗಿ ಇರುವುದು ಎರಡು ಜೊತೆ ಹಳಿ. ಒಂದು ಹೋಗಲು, ಒಂದು ಬರಲು. ರಸ್ತೆಯಲ್ಲಿ ನಾವು ಓಡಾಡುವ ಹಾಗೆ ರೈಲೂ ಎಡಗಡೆಯಲ್ಲೇ ಓಡುತ್ತದೆ. ಚಲ್ಲಘಟ್ಟ ತಲುಪಿದ ರೈಲು ವೈಟ್‌ಫೀಲ್ಡ್ ಕಡೆಗೆ ಹೊರಡಬೇಕಾದರೆ ಅದು ಪಕ್ಕದ ಹಳಿಗೆ ದಾಟಬೇಕು. ಮುಖ ತಿರುಗಿಸಬೇಕಾಗಿಲ್ಲ, ಹಳಿ ಬದಲಿಸಿದರೆ ಸಾಕು. ಈ ಎರಡರ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಮಗ್ಗದ ಲಾಳಿ ನೋಡಿದ್ದೀರಲ್ಲ? ಆ ತುದಿಗೆ ಹೋಗುತ್ತದೆ, ಈ ತುದಿಗೆ ಬರುತ್ತದೆ, ಎಲ್ಲೂ ತಿರುಗುವುದಿಲ್ಲ. ಮೆಟ್ರೋ ರೈಲೂ ಅಷ್ಟೇ.

ಈಗ ಯು-ಟರ್ನ್ ಕಥೆಗೆ ಬರೋಣ. ಆರು ಬೋಗಿಯ ರೈಲು ಸುಮಾರು 130 ಮೀಟರ್ ಉದ್ದ. ಅದು ಬಿಎಂಟಿಸಿ ಬಸ್ಸಿನ ಹಾಗೆ ಗಕ್ಕನೆ ತಿರುಗುವುದಿಲ್ಲ. ಹಳಿಯ ತಿರುವಿಗೆ 100 ಮೀಟರ್ ತ್ರಿಜ್ಯ ಕೊಟ್ಟೆವು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದೇ ತುಂಬಾ ಬಿಗಿಯಾದ ತಿರುವು. ಆಗಲೂ ಯು-ಟರ್ನ್‌ಗೆ 200 ಮೀಟರ್ ಅಗಲದ ಜಾಗ ಬೇಕು, ಕಂಬಗಳ ಮೇಲೆ, ಆಕಾಶದಲ್ಲಿ. ಚಲ್ಲಘಟ್ಟದ ಸುತ್ತ ಖಾಲಿ ಜಾಗ ಇದೆ, ಒಪ್ಪೋಣ. ಹಳದಿ ಮಾರ್ಗದ ಇನ್ನೊಂದು ತುದಿ ಆರ್.ವಿ. ರಸ್ತೆ. ಅಲ್ಲಿ 200 ಮೀಟರ್ ಅಗಲಕ್ಕೆ ಸುತ್ತು ಹೊಡೆಯಬೇಕಾದರೆ ಎಷ್ಟು ಮನೆಗಳ ತಾರಸಿ ಮೇಲೆ ಹೋಗಬೇಕು, ನೀವೇ ಹೇಳಿ.

ಇನ್ನೂ ಹಳೆಯ ಸಾಕ್ಷಿ ಬೇಕಾ? 2011ರ ಅಕ್ಟೋಬರ್ 20ಕ್ಕೆ ನಮ್ಮ ಮೆಟ್ರೋ ಶುರುವಾದಾಗ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮಾತ್ರ ಇತ್ತು. 2016ರ ಏಪ್ರಿಲ್‌ನಲ್ಲಿ ಸುರಂಗ ಮಾರ್ಗ ಶುರುವಾಗುವ ತನಕ ಪೂರ್ವದ ರೈಲುಗಳಿಗೆ ಎಂ.ಜಿ. ರಸ್ತೆಯೇ ಕೊನೇ ಸ್ಟೇಷನ್. ನಾಲ್ಕೂವರೆ ವರ್ಷ ಅಲ್ಲಿಂದಲೇ ವಾಪಸ್ ಬಂದವು. ಅಷ್ಟು ದಿನ ಎಲ್ಲಿ ತಿರುಗುತ್ತಿದ್ದವು, ಅನಿಲ್ ಕುಂಬ್ಳೆ ಸರ್ಕಲ್ ಸುತ್ತಿಕೊಂಡು ಬರುತ್ತಿದ್ದವಾ?

ಇಷ್ಟಾದರೂ ನಂಬದವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಮೊದಲ ಬೋಗಿ ಮಹಿಳೆಯರಿಗೆ ಮೀಸಲು ಅಲ್ವಾ? ಮೊದಲ ಬೋಗಿ ಅಂದರೆ ರೈಲು ಹೋಗುವ ದಿಕ್ಕಿನಲ್ಲಿ ಮೊದಲನೆಯದು. ರೈಲು ನಿಜಕ್ಕೂ ಸುತ್ತು ಹೊಡೆದು ಮುಖ ತಿರುಗಿಸಿಕೊಂಡು ಬರುವುದಾಗಿದ್ದರೆ, ಹೋಗುವಾಗ ಮುಂದಿದ್ದ ಬೋಗಿಯೇ ಬರುವಾಗಲೂ ಮುಂದಿರಬೇಕಿತ್ತು. ಹಾಗೆ ಆಗುವುದಿಲ್ಲ. ಚಲ್ಲಘಟ್ಟಕ್ಕೆ ಹೋಗುವಾಗ ಬಾಲದಲ್ಲಿದ್ದ ಬೋಗಿ ವೈಟ್‌ಫೀಲ್ಡ್‌ಗೆ ಹೊರಡುವಾಗ ತಲೆಯಾಗುತ್ತದೆ. ಹೋಗುವಾಗ ಗಂಡಸರು ತುಂಬಿಕೊಂಡಿದ್ದ ಅದೇ ಬೋಗಿ ಬರುವಾಗ ಮಹಿಳೆಯರದ್ದು. ಎರಡೂ ತುದಿಯಲ್ಲಿ ಚಾಲಕರ ಕೋಣೆ ಇದೆ, ಎರಡೂ ತುದಿಯಲ್ಲಿ ಬಿಳಿ ದೀಪವೂ ಇದೆ, ಕೆಂಪು ದೀಪವೂ ಇದೆ. ಮುಂದಾದ ತುದಿಯಲ್ಲಿ ಬಿಳಿ, ಹಿಂದಾದ ತುದಿಯಲ್ಲಿ ಕೆಂಪು ಉರಿಯುತ್ತದೆ. ಕೊನೇ ಸ್ಟೇಷನ್‌ನಲ್ಲಿ ಎರಡು ನಿಮಿಷ ನಿಂತರೆ ಕೆಂಪು ಆರಿ ಬಿಳಿ ಹತ್ತುವುದು ಕಣ್ಣಿಗೇ ಕಾಣುತ್ತದೆ.

ಎಂಜಿನ್ ಬಿಚ್ಚಿ ಆಚೆ ಕಡೆ ಕಟ್ಟುತ್ತಾರೆ ಅನ್ನುವ ಇನ್ನೊಂದು ಪಂಗಡವಿದೆ. ಅವರಿಗೆ ಚಿಕ್ಕ ಉತ್ತರ: ಮೆಟ್ರೋಗೆ ಬೇರೆ ಎಂಜಿನ್ನೇ ಇಲ್ಲ. ಮೋಟಾರುಗಳು ಬೋಗಿಗಳ ಕೆಳಗೇ ಇವೆ. ಮಾರಿಕುಪ್ಪಂ ಕಡೆ ಓಡುವ ಮೆಮು ರೈಲಿನಲ್ಲೂ ಇದೇ ಕಥೆ.

ಇಷ್ಟು ಸಾಕ್ಷಿ ಇದ್ದರೂ ಜನ ಯಾಕೆ ನಂಬುತ್ತಾರೆ ಅಂತ ಯೋಚಿಸಿದ್ದೇನೆ. ಒಂದು ಕಾರಣ ಸೀಟು. ಬಸ್ಸಿನಲ್ಲಿ ಸೀಟು ಮುಂದಕ್ಕೆ ಮುಖ ಮಾಡಿರುತ್ತದೆ, ಹಿಮ್ಮುಖ ಹೋದರೆ ತಕ್ಷಣ ಗೊತ್ತಾಗುತ್ತದೆ. ಮೆಟ್ರೋದಲ್ಲಿ ಕಿಟಕಿಗೆ ಬೆನ್ನು ಹಾಕಿ ಅಡ್ಡಡ್ಡ ಕೂರುತ್ತೇವೆ. ರೈಲಿನ ತಲೆ ಯಾವುದು, ಬಾಲ ಯಾವುದು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಇನ್ನೊಂದು ಕಾರಣ ಡಿಪೋ. ಬೈಯಪ್ಪನಹಳ್ಳಿಯಲ್ಲಿ ಖಾಲಿ ರೈಲು ಮುಖ್ಯ ಹಳಿ ಬಿಟ್ಟು ಡಿಪೋ ಕಡೆ ಬಾಗಿ ಹೋಗುವುದು ಕಾಣುತ್ತದೆ. ಅದನ್ನು ನೋಡಿದವರು ‘ಓ, ತಿರುಗಿಸಿಕೊಂಡು ಬರೋಕೆ ಹೋಯ್ತು’ ಅಂದುಕೊಳ್ಳುತ್ತಾರೆ. ಅದು ಹೋಗುವುದು ತೊಳೆಸಿಕೊಳ್ಳಲು, ರಿಪೇರಿಗೆ, ಇಲ್ಲವೇ ರಾತ್ರಿ ನಿಲ್ಲಲು.

ಹಾಗಂತ ಜಗತ್ತಿನಲ್ಲಿ ಎಲ್ಲೂ ಸುತ್ತು ಹಳಿ ಇಲ್ಲ ಅಂತಲ್ಲ. ನ್ಯೂಯಾರ್ಕ್‌ನ 6ನೇ ನಂಬರ್ ರೈಲು ಇವತ್ತಿಗೂ 1904ರ ಹಳೇ ಸಿಟಿ ಹಾಲ್ ಸ್ಟೇಷನ್ ಮೂಲಕ ಸುತ್ತು ಹಾಕಿಕೊಂಡೇ ವಾಪಸ್ ಬರುತ್ತದೆ. ಆ ಸ್ಟೇಷನ್ ಪ್ರಯಾಣಿಕರಿಗೆ ಮುಚ್ಚಿದ್ದು 1945ರ ಕೊನೆಗೆ. ಪ್ಯಾರಿಸ್‌ನಲ್ಲೂ ಇಂಥವು ಇವೆ. ಕೋಲ್ಕತ್ತದ ಟ್ರಾಮ್‌ಗಳಿಗೆ ಒಂದೇ ತುದಿಯಲ್ಲಿ ಚಾಲಕರ ಜಾಗ, ಅವಕ್ಕೆ ಸುತ್ತು ಬೇಕೇ ಬೇಕು. ನಮ್ಮಲ್ಲಿ ಬೇಕಾಗಿಲ್ಲ.

ಸರಿ, ಹಳಿ ದಾಟುವುದು ಹೇಗೆ? ಎರಡು ಹಳಿಗಳ ನಡುವೆ ಓರೆಯಾಗಿ ಒಂದು ಕೊಂಡಿ ಹಳಿ ಹಾಕಿರುತ್ತಾರೆ. ಅದು ಕ್ರಾಸ್‌ಓವರ್. ಎರಡು ಕ್ರಾಸ್‌ಓವರ್ ಒಂದರ ಮೇಲೊಂದು ಇಂಗ್ಲಿಷ್ ಎಕ್ಸ್ ಆಕಾರದಲ್ಲಿ ಹಾಯ್ದಿದ್ದರೆ ಅದಕ್ಕೆ ಸಿಸರ್ಸ್ ಅನ್ನುತ್ತಾರೆ. ಕೊಂಡಿ ಶುರುವಾಗುವ ಜಾಗದಲ್ಲಿ ತುದಿ ಚೂಪಾಗಿರುವ ಎರಡು ಹಳಿ ತುಂಡುಗಳಿರುತ್ತವೆ. ಪಕ್ಕದಲ್ಲಿರುವ ಮೋಟಾರು ಅವನ್ನು ಕೆಲವೇ ಇಂಚು ಆಚೀಚೆ ಸರಿಸುತ್ತದೆ. ಅವು ಸರಿಯಾಗಿ ಕೂತು ಲಾಕ್ ಆದ ಮೇಲೆಯೇ ರೈಲಿಗೆ ಸಿಗ್ನಲ್ ಸಿಗುತ್ತದೆ. ಕೊನೇ ಸ್ಟೇಷನ್ ಹತ್ತಿರ ರೈಲು ನಿಧಾನವಾಗಿ, ಕಟಕಟ ಸದ್ದು ಮಾಡುತ್ತಾ, ನಿಂತವರನ್ನು ಒಂದು ಕಡೆ ವಾಲಿಸುತ್ತದಲ್ಲ, ಅಲ್ಲಿ ದಾಟುತ್ತಿದೆ ಅಂತ ಅರ್ಥ.

ಈ ಕ್ರಾಸ್‌ಓವರ್ ಸ್ಟೇಷನ್‌ಗೆ ಮೊದಲೂ ಇರಬಹುದು, ಆಚೆಯೂ ಇರಬಹುದು. ಮೊದಲೇ ಇದ್ದರೆ ರೈಲು ಬೇಕಾದ ಪ್ಲಾಟ್‌ಫಾರ್ಮ್‌ಗೆ ಸೀದಾ ಬರುತ್ತದೆ. ನೀವು ಇಳಿಯುತ್ತೀರಿ, ವಾಪಸ್ ಹೋಗುವವರು ಅದೇ ರೈಲಿಗೆ ಹತ್ತುತ್ತಾರೆ. ಆಚೆ ಇದ್ದರೆ ಎಲ್ಲರನ್ನೂ ಇಳಿಸಿ ಖಾಲಿ ರೈಲು ಮುಂದಕ್ಕೆ ಹೋಗಿ, ನಿಂತು, ಹಿಮ್ಮುಖವಾಗಿ ಎದುರು ಪ್ಲಾಟ್‌ಫಾರ್ಮ್‌ಗೆ ಬರುತ್ತದೆ. ನಿಮ್ಮ ಸ್ಟೇಷನ್‌ನಲ್ಲಿ ಯಾವುದು ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ.

ಮೊದಲನೇ ಬಗೆಯಲ್ಲಿ ಒಂದು ತೊಂದರೆ ಇದೆ. ಒಳಗೆ ಬರುವ ರೈಲು ಹೊರಗೆ ಹೋಗುವ ರೈಲಿನ ದಾರಿಯನ್ನು ಅಡ್ಡ ಹಾಯಬೇಕಾಗುತ್ತದೆ. ಇಬ್ಬರಿಗೂ ಒಟ್ಟಿಗೆ ಸಿಗ್ನಲ್ ಕೊಡಲಾಗುವುದಿಲ್ಲ. ಅದಕ್ಕೇ ಸ್ಟೇಷನ್ ಎದುರಿಗೇ ಕಾಣುತ್ತಿದ್ದರೂ ರೈಲು ಸುಮ್ನೆ ನಿಂತುಬಿಡುವುದು. ಆಗ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲ ಹತ್ತಿರ ನಿಂತು ಗೊಣಗುವವರೇ ಜಾಸ್ತಿ. ಆಚೆಯಿಂದ ಒಂದು ರೈಲು ಹೊರಟು ದಾರಿ ಖಾಲಿಯಾಗಲಿ ಅಂತ ಕಾಯುತ್ತಿದೆ, ಅಷ್ಟೇ.

ಚಾಲಕರ ವಿಷಯವೂ ಇದೆ. ರೈಲು ನಿಂತ ಮೇಲೆ ಒಂದು ತುದಿಯ ಕೋಣೆ ಮುಚ್ಚಿ, 130 ಮೀಟರ್ ನಡೆದು, ಇನ್ನೊಂದು ತುದಿಯಲ್ಲಿ ಶುರು ಮಾಡಬೇಕು. ಜನ ತುಂಬಿದ ಪ್ಲಾಟ್‌ಫಾರ್ಮ್‌ನಲ್ಲಿ ಅದಕ್ಕೇ ಎರಡು ನಿಮಿಷ ಹೋಗುತ್ತದೆ. ಹೆಚ್ಚು ರೈಲು ಓಡುವ ಹೊತ್ತಿನಲ್ಲಿ ಅಷ್ಟು ಪುರುಸೊತ್ತು ಇರುವುದಿಲ್ಲ. ಹಾಗಾಗಿ ಎಷ್ಟೋ ಮೆಟ್ರೋಗಳಲ್ಲಿ ಇನ್ನೊಬ್ಬ ಚಾಲಕರು ಮೊದಲೇ ಆ ತುದಿಯಲ್ಲಿ ಕಾದಿರುತ್ತಾರೆ. ಬಂದವರು ಇಳಿದು ನಿಧಾನವಾಗಿ ನಡೆದು ಮುಂದಿನ ರೈಲು ಹಿಡಿಯುತ್ತಾರೆ.

ಕ್ರಾಸ್‌ಓವರ್ ಕೊನೇ ಸ್ಟೇಷನ್‌ನಲ್ಲಿ ಮಾತ್ರ ಇರುವುದಿಲ್ಲ. ಮೈಸೂರು ರಸ್ತೆಯಲ್ಲೇ ಮುಗಿಯುವ ರೈಲಿಗೆ ಹತ್ತಿ, ಕೆಂಗೇರಿಗೆ ಹೋಗಬೇಕಾದವರು ಇಳಿದು ಬೈದುಕೊಂಡಿರುವುದು ನನಗೂ ಗೊತ್ತು. ಅಲ್ಲೇ ಯಾಕೆ ಮುಗಿಸುತ್ತಾರೆ? ಇತಿಹಾಸ ನೋಡಿ. ಮೈಸೂರು ರಸ್ತೆ 2015ರಿಂದ 2021ರವರೆಗೆ ಕೊನೇ ಸ್ಟೇಷನ್ ಆಗಿತ್ತು. ಅಲ್ಲಿ ರೈಲು ವಾಪಸ್ ಕಳಿಸುವ ಹಳಿ ಇರಲೇಬೇಕಿತ್ತು. ಮಾರ್ಗ ಮುಂದಕ್ಕೆ ಬೆಳೆದ ಮೇಲೂ ಅದು ಉಪಯೋಗಕ್ಕೆ ಬರುತ್ತದೆ. ಹೀಗೆ ತುದಿಯಾಗಿದ್ದು ನಡುವಾದ ಸ್ಟೇಷನ್‌ಗಳು ನಮ್ಮಲ್ಲಿ ಸುಮಾರಿವೆ: 2023ರ ತನಕ ಬೈಯಪ್ಪನಹಳ್ಳಿ, 2021ರ ತನಕ ಯಲಚೇನಹಳ್ಳಿ, 2024ರ ನವೆಂಬರ್ ತನಕ ನಾಗಸಂದ್ರ. ನಮ್ಮ ಮೆಟ್ರೋ ತುಂಡು ತುಂಡಾಗಿ ಬೆಳೆದಿದ್ದರ ಗುರುತು ಹಳಿಯಲ್ಲೇ ಇದೆ.

ಹಳದಿ ಮಾರ್ಗದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಜನ ಸಿಟ್ಟಾಗಿದ್ದರು. ಮೂರನ್ನು 25ರಿಂದ ಗುಣಿಸಿ, 75 ನಿಮಿಷ. ಒಂದು ರೈಲು ಆರ್.ವಿ. ರಸ್ತೆಯಿಂದ 19 ಕಿಲೋಮೀಟರ್ ದೂರದ ಬೊಮ್ಮಸಂದ್ರಕ್ಕೆ ಹೋಗಿ, ಎರಡೂ ತುದಿಯಲ್ಲಿ ಹಳಿ ಬದಲಿಸಿ, ಮತ್ತೆ ಹೊರಡಲು ಸಿದ್ಧವಾಗುವುದಕ್ಕೆ ಇಟ್ಟ ಹೊತ್ತು ಅದು. ರೈಲು ಹೆಚ್ಚಾದ ಹಾಗೆ ಕಾಯುವುದು ಕಡಿಮೆಯಾಗುತ್ತದೆ, ಆದರೆ ಎಲ್ಲಿಯವರೆಗೆ? ತುದಿಯಲ್ಲಿ ಒಂದು ರೈಲು ಒಳಗೆ ಬಂದು ಇನ್ನೊಂದು ಹೊರಗೆ ಹೋಗಲು ಬೇಕಾದಷ್ಟು ನಿಮಿಷ ಬಿಡಲೇಬೇಕು. ಹತ್ತು ರೈಲು ಜಾಸ್ತಿ ತಂದರೂ ಆ ಹೊತ್ತನ್ನು ಮುರಿಯಲಾಗುವುದಿಲ್ಲ.

ಇನ್ನೊಂದು ವಿಷಯ ಯಾರೂ ಕೇಳಿಲ್ಲ, ಕೇಳಬೇಕಿತ್ತು. ದೆಹಲಿ, ಚೆನ್ನೈ ಮೆಟ್ರೋಗಳ ತಲೆ ಮೇಲೆ ತಂತಿ ಇದೆ. ನಮ್ಮದರ ಮೇಲೆ ಇಲ್ಲ. ಕರೆಂಟು ಬರುವುದು ಪಕ್ಕದಲ್ಲಿರುವ ಮೂರನೇ ಹಳಿಯಿಂದ, 750 ವೋಲ್ಟ್ ಡಿಸಿ. ಬೋಗಿಯಿಂದ ಚಾಚಿದ ಒಂದು ಹಿಡಿ ಅದಕ್ಕೆ ತಾಗಿಕೊಂಡೇ ಹೋಗುತ್ತದೆ. ಸರಿ, ರೈಲು ಓರೆಯಾಗಿ ದಾಟುವ ಕಡೆ ಆ ಮೂರನೇ ಹಳಿ ಏನಾಗುತ್ತದೆ? ಅಡ್ಡ ಇದ್ದರೆ ಗಾಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಕ್ರಾಸ್‌ಓವರ್ ಹತ್ತಿರ ಅದನ್ನು ತುಂಡರಿಸಿ, ಸ್ವಲ್ಪ ಮುಂದೆ, ಕೆಲವು ಕಡೆ ಆಚೆ ಬದಿಯಲ್ಲಿ, ಮತ್ತೆ ಶುರು ಮಾಡುತ್ತಾರೆ. ರೈಲಿಗೆ ಎರಡೂ ಬದಿಯಲ್ಲಿ, ಉದ್ದಕ್ಕೂ ಹಲವು ಹಿಡಿಗಳಿವೆ. ಒಂದಕ್ಕೆ ಕರೆಂಟು ತಪ್ಪಿದ ಹೊತ್ತಿನಲ್ಲಿ ಇನ್ನೊಂದಕ್ಕೆ ಸಿಗುತ್ತಿರುತ್ತದೆ. ಹಾಗಾಗಿ ದಾಟುವಾಗ ರೈಲು ನಡುವೆ ಸಿಕ್ಕಿ ನಿಲ್ಲುವುದಿಲ್ಲ.

ಸ್ಟೇಷನ್‌ನಲ್ಲಿ ಈ ಮೂರನೇ ಹಳಿ ಪ್ಲಾಟ್‌ಫಾರ್ಮ್‌ನ ಎದುರು ಬದಿಯಲ್ಲಿ, ಮೇಲೆ ಮುಚ್ಚಳ ಹಾಕಿಕೊಂಡು ಇರುತ್ತದೆ. ಮುಚ್ಚಳ ಇದೆ ಅಂತ ಮುಟ್ಟುವ ಧೈರ್ಯ ಬೇಡ. ಮೊಬೈಲ್ ಕೆಳಗೆ ಬಿದ್ದರೆ ಇಳಿಯಬೇಡಿ, ಸಿಬ್ಬಂದಿಗೆ ಹೇಳಿ. ಕರೆಂಟು ತೆಗೆಯುವ ಗುಂಡಿ ಅವರ ಹತ್ತಿರ ಇರುತ್ತದೆ.