ರೇಟಿಂಗ್: ಕಾರ್ ಪಾಲಿಶ್‌ಗೆ 4.2 ಸ್ಟಾರ್ ಎಂದರೆ ಏನರ್ಥ?

ರೇಟಿಂಗ್ ಎಂದರೆ ಕೊಂಡವರು ಕೊಟ್ಟ ಅಂಕಗಳ ಸರಾಸರಿ. ಕಾರಿನ ಶಾಂಪೂ, ವ್ಯಾಕ್ಸ್, ಪಾಲಿಶ್ ಹುಡುಕುವಾಗ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದರೆ ಸರಾಸರಿಯ ಹೊಟ್ಟೆಯೊಳಗೆ ಏನಿದೆ ಎಂದು ನೋಡದೆ ನಂಬುವುದು ಬೇಡ.

ಗೀರು ತೆಗೆಯುವ ಪಾಲಿಶ್ ಒಂದನ್ನು ನೂರು ಜನ ಕೊಂಡರು ಅನ್ನಿ. 80 ಮಂದಿ ಐದು ಸ್ಟಾರ್ ಕೊಟ್ಟರು, 20 ಮಂದಿ ಒಂದು. ಸರಾಸರಿ 4.2. ಇನ್ನೊಂದು ಪಾಲಿಶ್‌ಗೆ 80 ಮಂದಿ ನಾಲ್ಕು, 20 ಮಂದಿ ಐದು ಕೊಟ್ಟರು. ಅದೂ 4.2. ಎರಡನೆಯದು ಎಲ್ಲರಿಗೂ ಒಪ್ಪಿಗೆಯಾಗಿದೆ. ಮೊದಲನೆಯದರಲ್ಲಿ ಐವರಲ್ಲಿ ಒಬ್ಬರ ದುಡ್ಡು ನೀರುಪಾಲು. ಹಾಗೆಂದು ಆ ಪಾಲಿಶ್ ಕೆಟ್ಟದ್ದೆಂದೂ ಹೇಳಲಾಗದು. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ತೆಳು ಪಾರದರ್ಶಕ ಪದರ ಇರುತ್ತದೆ. ಪಾಲಿಶ್ ಅದನ್ನೇ ತುಸು ಸವೆಸಿ ಗೀರನ್ನು ಅಳಿಸುತ್ತದೆ. ಬೆರಳಾಡಿಸಿದಾಗ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಸಾಮಾನ್ಯವಾಗಿ ಪಾಲಿಶ್‌ಗೆ ಬಗ್ಗುವುದಿಲ್ಲ. ಆ 20 ಮಂದಿ ಉಜ್ಜಿದ್ದು ಅಂಥ ಗೀರನ್ನೇ ಇರಬಹುದು. ಅದಕ್ಕೇ ನಾನು ಒಂದು ಸ್ಟಾರ್‌ನ ಬರಹಗಳನ್ನು ಮೊದಲು ಓದುತ್ತೇನೆ.

ನನ್ನನ್ನು ಹೆಚ್ಚು ಕಾಡುವುದು ಅಂಕ ಕೊಡುವ ಹೊತ್ತು. ಕೆಲವು ಪಾಲಿಶ್‌ಗಳಲ್ಲಿ ಗೀರನ್ನು ಸವೆಸುವುದರ ಬದಲು ತುಂಬಿ ಮುಚ್ಚುವ ಎಣ್ಣೆ, ಮೇಣಗಳಿರುತ್ತವೆ. ಇವಕ್ಕೆ ಫಿಲ್ಲರ್ ಎನ್ನುತ್ತಾರೆ. ಭಾನುವಾರ ಹಚ್ಚಿದಾಗ ಬಾನೆಟ್‌ನಲ್ಲಿ ಮುಖ ಕಾಣುತ್ತದೆ. ಖುಷಿಗೆ ಅವತ್ತೇ ಐದು ಸ್ಟಾರ್ ಬೀಳುತ್ತದೆ. ನಾಲ್ಕಾರು ಸಲ ತೊಳೆದ ಮೇಲೆ ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆಯಂಥ ಗೆರೆಗಳು ಮತ್ತೆ ಎದ್ದು ಕಾಣುತ್ತವೆ. ಆಗ ಹೋಗಿ ಸ್ಟಾರ್ ಇಳಿಸುವವರು ಎಷ್ಟು ಮಂದಿ? ‘ಆರು ತಿಂಗಳು ಹೊಳಪು’ ಎನ್ನುವ ವ್ಯಾಕ್ಸ್‌ಗೆ ಮೊದಲ ವಾರವೇ ಕೊಟ್ಟ ಅಂಕ, ನನ್ನ ಪ್ರಕಾರ, ಲೆಕ್ಕಕ್ಕಿಲ್ಲ.

ನೀರೂ ಅಂಕ ಬದಲಿಸುತ್ತದೆ. ಬೆಂಗಳೂರಲ್ಲಿ ಕಾವೇರಿ ನೀರಿರುವ ಮನೆಯಲ್ಲಿ ಚೆನ್ನೆನಿಸಿದ ಶಾಂಪೂ, ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಬಿಳಿ ಕಲೆ ಬಿಟ್ಟಿತೆಂದು ಬೈಸಿಕೊಳ್ಳುತ್ತದೆ. ಕಲೆ ಗಡಸು ನೀರಿನ ಸುಣ್ಣದ್ದು, ಒರೆಸದೆ ಒಣಗಲು ಬಿಟ್ಟದ್ದರ ಫಲ.

ಇನ್ನು ಕೊಂಡುಕೊಂಡ ಹೊಗಳಿಕೆ. ಒಮ್ಮೆ ನಾನು ತರಿಸಿದ ವ್ಯಾಕ್ಸ್ ಡಬ್ಬಿಯೊಳಗೆ ಒಂದು ಚೀಟಿ ಇತ್ತು: ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ ನೂರು ರೂಪಾಯಿ. ವ್ಯಾಕ್ಸ್ ಕೆಟ್ಟದ್ದೇನಲ್ಲ, ಆದರೂ ಅದರ ಹೆಸರಿನ ಮುಂದಿದ್ದ ಸ್ಟಾರ್‌ಗಳ ಮೇಲಿನ ನಂಬಿಕೆ ಅಂದೇ ಹೋಯಿತು. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿತು. ದುಡ್ಡು ಕೊಟ್ಟು ಬರೆಸಿದ ವಿಮರ್ಶೆ ಪ್ರಕಟಿಸಕೂಡದು ಎಂದು ಅದು ಹೇಳುತ್ತದೆ. ಬಂದಾಗ ಅದು ಕಡ್ಡಾಯವಾಗಿರಲಿಲ್ಲ, ಒಪ್ಪಿದವರಿಗೆ ಮಾತ್ರ.

ಎಲ್ಲ ರೇಟಿಂಗನ್ನೂ ತಳ್ಳಿಹಾಕಬೇಕಿಲ್ಲ. ಮೈಕ್ರೋಫೈಬರ್ ಬಟ್ಟೆ ನೂಲು ಬಿಡುತ್ತದೋ, ಗ್ಲಾಸ್ ಕ್ಲೀನರ್ ಗಾಜಿನ ಮೇಲೆ ಗೆರೆ ಉಳಿಸುತ್ತದೋ ಎಂಬುದು ಮೊದಲ ದಿನವೇ ಗೊತ್ತಾಗುತ್ತದೆ. ಅಂಥವುಗಳ ಸ್ಟಾರ್ ನೋಡಿ ನಾನು ಧೈರ್ಯವಾಗಿ ಕೊಳ್ಳುತ್ತೇನೆ. ವ್ಯಾಕ್ಸ್, ಕೋಟಿಂಗ್‌ಗಳಿಗಾದರೆ, ಮಳೆಗಾಲ ಕಳೆದ ಮೇಲೆ ಯಾರಾದರೂ ಫೋಟೋ ಹಾಕಿದ್ದಾರೆಯೇ ಎಂದು ಹುಡುಕುತ್ತೇನೆ.