ಸುಮೊ ಕಣದ ಮರ್ಯಾದೆ: ನಿಯಮ ಎಲ್ಲಿ ಮುಗಿಯುತ್ತದೆ?

ಜಪಾನಿನ ಕುಸ್ತಿಯಾದ ಸುಮೊದಲ್ಲಿ ಅತ್ಯುನ್ನತ ಪದವಿಯಾದ ಯೊಕೊಜುನ ಪಡೆದಿದ್ದ ಮಂಗೋಲಿಯಾ ಮೂಲದ ಹಕುಹೊ ಎದುರಾಳಿಯ ಕೆನ್ನೆಗೆ ಬಾರಿಸಿ ಪಂದ್ಯ ಶುರುಮಾಡಿದರೆ ಜಪಾನಿನಲ್ಲಿ ಹಲವರ ಹುಬ್ಬು ಗಂಟಿಕ್ಕುತ್ತಿತ್ತು. ಮುಷ್ಟಿ ಕಟ್ಟಿ ಗುದ್ದುವುದು, ಜುಟ್ಟು ಹಿಡಿದೆಳೆಯುವುದು, ಗಂಟಲು ಅಮುಕುವುದು, ಎರಡೂ ಕಿವಿಗೆ ಒಟ್ಟಿಗೆ ಬಡಿಯುವುದು ಸೇರಿ ಸುಮೊದಲ್ಲಿ ನಿಷಿದ್ಧವಾದವು 8. ಅಂಗೈಯ ಕೆನ್ನೆಯೇಟು ಆ ಪಟ್ಟಿಯಲ್ಲಿ ಇಲ್ಲ. ಆದರೂ 2017ರ ಡಿಸೆಂಬರಿನಲ್ಲಿ ಆ ಪದವಿಯವರ ಅರ್ಹತೆ, ನಡತೆ ನೋಡುವ ಯೊಕೊಜುನ ಪರಿಶೀಲನಾ ಮಂಡಳಿಯಲ್ಲೇ ಆಕ್ಷೇಪ ಕೇಳಿಬಂತು.

ಸಿಕ್ಕು ಇರುವುದು ಪಂದ್ಯ ಶುರುವಾಗುವ ಬಗೆಯಲ್ಲಿ. ಇಲ್ಲಿ ಸೀಟಿಯಿಲ್ಲ, ಗಂಟೆಯಿಲ್ಲ. ಇಬ್ಬರೂ ಉಪ್ಪು ಎರಚಿ ಕಣಕ್ಕಿಳಿದು, ಬಿಳಿ ಗೆರೆಗಳ ಹಿಂದೆ ಬಾಗಿ, ಒಬ್ಬರನ್ನೊಬ್ಬರು ದಿಟ್ಟಿಸಿ, ಮತ್ತೆ ಎದ್ದು ಮೂಲೆಗೆ ಹೋಗುತ್ತಾರೆ. ಹೀಗೆ ಕೆಲವು ಸುತ್ತು. ಸಮಯ ಮುಗಿಯಿತೆಂದು ತೀರ್ಪುಗಾರ ಸೂಚಿಸಿದ ಮೇಲೂ ನುಗ್ಗುವ ಕ್ಷಣವನ್ನು ನಿರ್ಧರಿಸುವವರು ಪೈಲ್ವಾನರೇ. ಇಬ್ಬರ ಕೈಯೂ ನೆಲ ಮುಟ್ಟಬೇಕು, ಉಸಿರು ಕೂಡಬೇಕು, ಆಗಲೇ ಡಿಕ್ಕಿ. ಇದೇ ತಾಚಿಆಯಿ. ಎದುರಾಳಿಯನ್ನು ಸೋಲಿಸುವ ಮೊದಲು ಅವನೊಂದಿಗೆ ಒಪ್ಪಂದಕ್ಕೆ ಬರಬೇಕಾದ ಇಂಥ ಆರಂಭ ಸುಮೊದ ಅತಿ ಸುಂದರ ಭಾಗ.

ಕೆಡುವುದೂ ಇಲ್ಲೇ. ಒಬ್ಬ ಒಂದು ಕೈಯನ್ನು ನೆಲದಿಂದ ಎರಡು ಬೆರಳು ಮೇಲೆ ಹಿಡಿದು ಕಾಯುತ್ತಾನೆ. ಎರಡೂ ಕೈ ಊರಿದವನು ಕದಲಲಾಗದೆ ಸಿಕ್ಕಿಬೀಳುತ್ತಾನೆ. ಕಾದವನು ತನಗೆ ಬೇಕಾದಾಗ ಕೈ ತಾಗಿಸಿದಂತೆ ಮಾಡಿ ಹಾರಿದರೆ ಮೊದಲ ಹೆಜ್ಜೆ ಅವನದು. ಹೊಂದಲಿಲ್ಲ ಎನಿಸಿದರೆ 'ಮತ್ತಾ', ಅಂದರೆ ತಪ್ಪು ಆರಂಭ; ಮತ್ತೆ ಮೊದಲಿನಿಂದ.

ಶತಮಾನಗಳ ಕಾಲ ಈ ಕಾಯುವಿಕೆಗೆ ಮಿತಿಯೇ ಇರಲಿಲ್ಲ. 1928ರಲ್ಲಿ ರೇಡಿಯೊ ಪ್ರಸಾರ ಬಂದಾಗ ಅಗ್ರ ದರ್ಜೆಗೆ 10 ನಿಮಿಷ ಎಂದು ಗೊತ್ತುಮಾಡಿದರು, 60 ಸೆಂ.ಮೀ. ಅಂತರದ ಗೆರೆಗಳನ್ನೂ ಎಳೆದರು. ಈಗ 4 ನಿಮಿಷ, 70 ಸೆಂ.ಮೀ. ಸನಾತನವೆಂದು ನಾವು ನೋಡುವ ಈ ವಿಧಿಯ ಅಳತೆ ಪ್ರಸಾರದ ವೇಳಾಪಟ್ಟಿಯದು. 1970ರ ದಶಕದ ಹೊತ್ತಿಗೆ ಕೈ ಊರದೆ ಅರ್ಧ ನಿಂತೇ ನುಗ್ಗುವುದು ಮಾಮೂಲಾಗಿತ್ತು. 1984ರಲ್ಲಿ ಕೈ ಊರುವುದನ್ನು ಕಟ್ಟುನಿಟ್ಟುಗೊಳಿಸಿದರು. 1991ರಲ್ಲಿ 'ಮತ್ತಾ'ಕ್ಕೆ 1 ಲಕ್ಷ ಯೆನ್ ದಂಡ ಹಾಕಿದರು, 1998ರಲ್ಲಿ ಕೈಬಿಟ್ಟರು. ಉಸಿರು ಕೂಡಿಸುವ ಕೆಲಸ ದಂಡದಿಂದ ಆಗುವಂಥದ್ದಲ್ಲ.

ಅಂದರೆ, ವಿದೇಶಿ ಪೈಲ್ವಾನರು ಬೆರಳೆಣಿಕೆಯಷ್ಟಿದ್ದಾಗಲೇ ಮರ್ಯಾದೆ ಸಡಿಲವಾಗಿತ್ತು. 1993ರಲ್ಲಿ ಹವಾಯಿಯ ಅಕೆಬೊನೊ ಮೊದಲ ವಿದೇಶಿ ಯೊಕೊಜುನನಾದ ಮೇಲೆ, ಮಂಗೋಲಿಯಾದವರು ಮೇಲುಗೈ ಪಡೆದ ಮೇಲೆ, ಅದೇ ಸಡಿಲು 'ಹೊರಗಿನವರ ದೋಷ' ಎಂಬಂತೆ ಕೇಳತೊಡಗಿತು. ಇದು ನ್ಯಾಯವಲ್ಲ.

ಹಾಗೆಂದು ಕೆನ್ನೆಯೇಟಿನ ಆಕ್ಷೇಪ ಪೊಳ್ಳೂ ಅಲ್ಲ. ಹೊಡೆಯಲು ತೋಳು ಬೀಸಿದರೆ ಕಂಕುಳು ತೆರೆದುಕೊಳ್ಳುತ್ತದೆ. ಎದುರಾಳಿ ಅಲ್ಲಿಂದ ಕೈ ತೂರಿಸಿ ಸೊಂಟಪಟ್ಟಿ ಹಿಡಿಯಬಹುದು. ಹೊಡೆಯುವವನು ತೆರಬೇಕಾದ ಬೆಲೆ ಅದು. ಆದರೆ ಯೊಕೊಜುನನ ಮುಖಕ್ಕೆ ತಿರುಗಿ ಹೊಡೆಯಲು ಕಿರಿಯ ಪೈಲ್ವಾನ ಹಿಂಜರಿಯುತ್ತಾನೆ. ಮರ್ಯಾದೆ ಒಬ್ಬನ ಕೈಯನ್ನು ಮಾತ್ರ ಕಟ್ಟಿದರೆ ಪಂದ್ಯ ಸಮನಾಗಿರುವುದಿಲ್ಲ.

ಯೊಕೊಜುನ ಪದವಿಗೆ ಸತತ 2 ಪ್ರಶಸ್ತಿ ಅಥವಾ ಅದಕ್ಕೆ ಸಮನಾದ ಸಾಧನೆ ಬೇಕು, ಜೊತೆಗೆ ಘನತೆ ಬೇಕು. ಮೊದಲನೆಯದನ್ನು ಎಣಿಸಬಹುದು. ಎರಡನೆಯದು ಕೆಟ್ಟರೆ 1950ರಲ್ಲಿ ಹುಟ್ಟಿದ ಮಂಡಳಿಯ ಬಳಿ ಇರುವ ಅಸ್ತ್ರಗಳು ಮೂರು: ಹುರಿದುಂಬಿಸುವಿಕೆ, ಎಚ್ಚರಿಕೆ, ನಿವೃತ್ತಿಯ ಸಲಹೆ. 2020ರ ನವೆಂಬರಿನಲ್ಲಿ ಹಕುಹೊಗೆ ಎಚ್ಚರಿಕೆ ಬಂತು. ಕಾರಣ ಕೆನ್ನೆಯೇಟಲ್ಲ, ಪದೇಪದೇ ಪಂದ್ಯಾವಳಿಗೆ ಗೈರಾದದ್ದು.