ಒಂದೇ ಮಳೆಗೆ ಊರಿಡೀ ಕೊಳೆ: ವಿಮಾ ಕಂಪನಿಯ ಭಯ ಮತ್ತು ಅಡಿಕೆ ತೋಟ

ಶಿರಸಿಯ ಅಡಿಕೆ ಬೆಳೆಗಾರರ ಕಣ್ಣಲ್ಲಿ ವಿಮಾ ಕಂಪನಿ ಎಂದರೆ ಸೊಸೈಟಿಯಲ್ಲಿ ದುಡ್ಡು ಕಟ್ಟಿಸಿಕೊಂಡು, ಕೊಡುವ ಹೊತ್ತಿಗೆ ಮಳೆ ಲೆಕ್ಕ ತೆಗೆಯುವವರು. ಸಿಟ್ಟು ಸಹಜವೇ. ಆದರೆ ಆ ಮಳೆ ಲೆಕ್ಕ ಹುಟ್ಟಿದ್ದು ಕಂಪನಿಗಳ ಹಳೆಯದೊಂದು ಭಯದಿಂದ.

ಕಾರವಾರದಲ್ಲಿ ಸಾವಿರ ಅಂಗಡಿಯವರು ಬೆಂಕಿ ವಿಮೆ ಮಾಡಿಸಿದ್ದಾರೆ ಎನ್ನಿ. ವರ್ಷಕ್ಕೆ ಸುಡುವುದು ಒಂದೋ ಎರಡೋ. ಉಳಿದವರು ಕಟ್ಟಿದ ಹಣದಲ್ಲಿ ಆ ನಷ್ಟ ತುಂಬಿಕೊಡಬಹುದು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗ ಹಾಗಲ್ಲ. ಆಷಾಢದಲ್ಲಿ ಬಿಸಿಲೇ ಕಾಣದಂತೆ ಮಳೆ ಹಿಡಿದರೆ ಎರಡು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ಮದ್ದು) ಹೊಡೆಸಿದವರ ತೋಟದಲ್ಲೂ ಕಾಯಿ ಉದುರುತ್ತದೆ. ಮದ್ದು ಹೊಡೆಸಲು ಒಂದು ದಿನದ ಹೊಳವೂ ಸಿಗದವರ ಪಾಡು ಕೇಳುವುದೇ ಬೇಡ. ಸಿದ್ದಾಪುರ, ಯಲ್ಲಾಪುರದಲ್ಲೂ ಅದೇ ಕತೆ. ಎಲ್ಲರೂ ಒಂದೇ ವರ್ಷ ಕೈಚಾಚಿದರೆ ಕೊಡುವುದು ಯಾರ ದುಡ್ಡಿನಿಂದ? ಅದಕ್ಕೇ ಕಂಪನಿಗಳು ಹೊರೆಯ ಒಂದು ಪಾಲನ್ನು ಮರುವಿಮೆ ಮಾಡಿಸುತ್ತವೆ. ಹೌದು, ವಿಮಾ ಕಂಪನಿಯೂ ವಿಮೆ ಮಾಡಿಸುತ್ತದೆ!

1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ 107 ಕಂಪನಿಗಳು ನಾಲ್ಕಾದ ಮೇಲೆ ಈ ಭಯ ಸರ್ಕಾರದ ತಲೆ ಮೇಲೆ ಬಂತು. 1985ರಲ್ಲಿ ಸಮಗ್ರ ಬೆಳೆ ವಿಮೆ ಶುರುವಾಯಿತು. ಧಾನ್ಯ, ಬೇಳೆಕಾಳು, ಎಣ್ಣೆಕಾಳಿಗೆ ಮಾತ್ರ. ಅಡಿಕೆಗೆ ಅಲ್ಲಿ ಜಾಗ ಇರಲಿಲ್ಲ. 1999ಕ್ಕೆ ಅದು ಮುಗಿಯುವಾಗ ಕೊಟ್ಟ ಪರಿಹಾರ, ಬಂದ ಪ್ರೀಮಿಯಂನ ಐದು ಪಟ್ಟಿಗೂ ಜಾಸ್ತಿ ಆಗಿತ್ತು. ಖಾಸಗಿಯವರಾಗಿದ್ದರೆ ಬಾಗಿಲು ಹಾಕುತ್ತಿದ್ದರು. 2000ದಿಂದ ಖಾಸಗಿಯವರೂ ವಿಮೆಗೆ ಇಳಿದರು. ಅವರಿಗೆ ಮೊದಲೇ ಲೆಕ್ಕ ಹಾಕಬಹುದಾದ ನಷ್ಟ ಬೇಕಿತ್ತು.

ಆಗ ಬಂದದ್ದು ಹವಾಮಾನ ಆಧಾರಿತ ವಿಮೆ. 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲೇ ಇದರ ಪ್ರಯೋಗ ನಡೆಯಿತು, 2016ರಲ್ಲಿ ಹೊಸ ರೂಪ ಪಡೆಯಿತು. ಇಳುವರಿ ಅಳೆಯುವ ಬೆಳೆ ಕಟಾವಿನ ಪ್ರಯೋಗ ಇಲ್ಲ, ತೋಟಕ್ಕೆ ಯಾರೂ ಬರುವುದಿಲ್ಲ. ಮಳೆ ಮಾಪಕದ ಅಂಕಿ ಗೊತ್ತುಪಡಿಸಿದ ಮಿತಿ ದಾಟಿದರೆ ಪರಿಹಾರ, ಇಲ್ಲದಿದ್ದರೆ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ಬೆಳೆಗಾರರು ಕಟ್ಟುವುದು ಅದರ ಶೇ 5, ಅಂದರೆ 6,400.

ಕಂಪನಿಗೆ ಇದು ಬಲು ಅನುಕೂಲ. ಹಳೆಯ ಮಳೆ ದಾಖಲೆ ನೋಡಿ ದರ ಹಾಕಬಹುದು, ಸುಳ್ಳು ನಷ್ಟ ತೋರಿಸುವವರ ಕಾಟವೂ ಇಲ್ಲ. ಆದರೆ ಘಟ್ಟದ ಮಳೆ ಗೊತ್ತಲ್ವಾ? ಗುಡ್ಡದ ಈಚೆ ಸುರಿದದ್ದು ಆಚೆ ಇರುವುದಿಲ್ಲ. ಮಾಪಕ ಇರುವುದು ಪಂಚಾಯ್ತಿಗೊಂದು. ಅದೂ ನಡು ಮಳೆಗಾಲದಲ್ಲಿ ಕೈಕೊಟ್ಟರೆ ಜಗಳ ಶುರು. ನನ್ನ ಪ್ರಕಾರ ಇಲ್ಲಿ ಅಪಾಯ ಕಡಿಮೆ ಆಗಿಲ್ಲ, ಅದರ ಒಂದು ಪಾಲು ಸದ್ದಿಲ್ಲದೆ ತೋಟದವರ ಹೆಗಲಿಗೆ ದಾಟಿದೆ.

2020ರ ಮುಂಗಾರಿನಿಂದ ಸಾಲ ಪಡೆದವರಿಗೂ ಬೆಳೆ ವಿಮೆ ಕಡ್ಡಾಯ ಅಲ್ಲ. ಇದು ಕಂಪನಿಗೆ ಇನ್ನೊಂದು ತಲೆನೋವು. ಕೊಳೆ ಜಾಸ್ತಿ ಬರುವ ತಗ್ಗಿನ ತೋಟದವರಷ್ಟೇ ಸೇರಿ, ಉಳಿದವರು ಸುಮ್ನೆ ಕೂತರೆ ಹಾಕಿದ ಲೆಕ್ಕವೆಲ್ಲ ತಲೆಕೆಳಗು. ಬೆಳೆಗಾರರು ಕಟ್ಟಿ ಉಳಿದ ಪ್ರೀಮಿಯಂ ತುಂಬುವುದು ಕೇಂದ್ರ, ರಾಜ್ಯಗಳ ಸಬ್ಸಿಡಿ. ಅದೇ ವರ್ಷ ಕೇಂದ್ರವೂ ತನ್ನ ಸಬ್ಸಿಡಿಗೆ ಮಿತಿ ಹಾಕಿತು. ಪ್ರೀಮಿಯಂ ದರ ಮಳೆಯಾಶ್ರಿತ ಪ್ರದೇಶದಲ್ಲಿ ಶೇ 30, ನೀರಾವರಿಯಲ್ಲಿ ಶೇ 25 ದಾಟಿದರೆ ಹೆಚ್ಚಿನ ಸಬ್ಸಿಡಿ ರಾಜ್ಯದ್ದೇ. ಸರ್ಕಾರದ ಆ ಕಂತು ತಡವಾದರೆ ಕಂಪನಿ ಪರಿಹಾರದ ಫೈಲನ್ನೂ ಹಿಡಿದು ಕೂರುತ್ತದೆ. ಸೊಸೈಟಿಯಲ್ಲಿ 'ಇನ್ನೂ ಬಂದಿಲ್ಲ' ಎಂಬ ಉತ್ತರದ ಹಿಂದೆ ಹಲವು ಸಲ ಇರುವುದು ಇದೇ ಬಾಕಿ.